ಬಳಸಿದ ದೂರಗಾಮಿ ವಿಮಾನದ ಕ್ರಯ: ಒಂದು ವಿವೇಚನೆ

1

ಬೀದರಕ್ಕೆ ಸಮೀಪದ ಕಮಠಾಣದಲ್ಲಾಗಲಿ, ಭಾಲ್ಕಿ ಔರಾದ ತಾಲ್ಲೂಕುಗಳ ಯಾವುದೇ ಹಳ್ಳಿಯಲ್ಲಾಗಲಿ, ದೇವಣಿ ಎತ್ತನ್ನು ಕೊಳ್ಳಲು ದನದ ಸಂತೆಗೆ ಹೋದ ರೈತನು ಅದರ ಮೈಬಣ್ಣಕ್ಕೂ ಕೊಂಬಿನ ಅಲಂಕಾರಕ್ಕೂ ಮರುಳಾಗುವುದಿಲ್ಲ. ಬಾಯಿ ತೆರೆಸಿ ಹಲ್ಲು ನೋಡುತ್ತಾನೆ. ಗೊರಸನ್ನು ಎತ್ತಿ ಪರೀಕ್ಷಿಸುತ್ತಾನೆ. ನಾಲ್ಕು ಹೆಜ್ಜೆ ನಡೆಸಿ ಕುಂಟುತ್ತದೆಯೇ ಎಂದು ಗಮನಿಸುತ್ತಾನೆ. ಯಾರ ಮನೆಯ ಎತ್ತು, ಏತಕ್ಕಾಗಿ ಮಾರುತ್ತಿದ್ದಾರೆ ಎಂದು ನೆರೆಹೊರೆಯವರಲ್ಲಿ ವಿಚಾರಿಸುತ್ತಾನೆ. ಹಲ್ಲು ವಯಸ್ಸನ್ನು ಹೇಳುತ್ತದೆ; ವಯಸ್ಸು ಇನ್ನೆಷ್ಟು ವರ್ಷ ದುಡಿಯಬಲ್ಲದೆಂಬುದನ್ನು ಹೇಳುತ್ತದೆ. ಎತ್ತಿನ ಬೆಲೆಯೆಂದರೆ ಅದರಲ್ಲಿ ಉಳಿದಿರುವ ದುಡಿಮೆಯ ಬೆಲೆ ಎಂಬ ಅರ್ಥಶಾಸ್ತ್ರದ ತತ್ತ್ವವನ್ನು ಅವನು ಪುಸ್ತಕದಿಂದ ಕಲಿತವನಲ್ಲ. ಆದರೂ ಅದನ್ನು ತಪ್ಪದೆ ಅನುಸರಿಸುತ್ತಾನೆ.

ಇದೇ ತತ್ತ್ವವು ಜಗತ್ತಿನ ಅತ್ಯಂತ ದುಬಾರಿಯಾದ ಬಳಸಿದ ವಸ್ತುಗಳಲ್ಲೊಂದಾದ ದೂರಗಾಮಿ ಖಾಸಗಿ ಜೆಟ್ ವಿಮಾನಕ್ಕೆ ಹೇಗೆ ಅನ್ವಯಿಸುತ್ತದೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ. ವಿಷಯವು ನಮ್ಮ ವಿದ್ಯಾರ್ಥಿಗಳಿಗೆ ದೂರದ್ದೆಂದು ತೋರಬಹುದು. ಬೀದರದ ವಾಯುಪಡೆಯ ನೆಲೆಯಿಂದ ಏರುವ ತರಬೇತಿ ವಿಮಾನಗಳ ಸದ್ದು ಈ ಭಾಗದ ಜನರಿಗೆ ಪರಿಚಿತವೇ ಆದರೂ, ಇಲ್ಲಿಂದ ನಾಗರಿಕ ವಿಮಾನಸೇವೆ ಆರಂಭವಾದದ್ದು 2020ರ ಫೆಬ್ರವರಿಯಲ್ಲಿ ಮಾತ್ರ. ಖಾಸಗಿ ವಿಮಾನವನ್ನು ಕೊಳ್ಳುವ ಯೋಗವು ನಮ್ಮ ವಾಚಕರಲ್ಲಿ ಯಾರಿಗೂ ಒದಗಲಾರದು. ಆದರೆ ಅಂಥ ವಿಮಾನವೊಂದರ ಮಾರಾಟದಲ್ಲಿ ನಮ್ಮ ರಾಜ್ಯದ ಹಿತಾಹಿತವೂ ಸಾರ್ವಜನಿಕರ ಹಣವೂ ಸೇರಿದ್ದ ಪ್ರಸಂಗವೊಂದು ಈಚೆಗೆ ನಡೆದಿದೆ. ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ ಕಂಪನಿಯ ತೆರಿಗೆಬಾಕಿಗಾಗಿ ವಶಪಡಿಸಿಕೊಂಡ ವಿಮಾನವೊಂದಕ್ಕೆ 2016ರಲ್ಲಿ 152 ಕೋಟಿ ರೂಪಾಯಿಗಳ ಕನಿಷ್ಠ ಬೆಲೆಯನ್ನು ನಿಗದಿ ಮಾಡಲಾಗಿತ್ತು. 2018ರಲ್ಲಿ ಅದು ಹರಾಜಾದದ್ದು 34.8 ಕೋಟಿಗೆ. ನಿರೀಕ್ಷೆಗೂ ಪ್ರಾಪ್ತಿಗೂ ನಡುವಿನ ಈ ಅಂತರ ಹೇಗೆ ಉಂಟಾಯಿತು? ಬಳಸಿದ ವಿಮಾನದ ಬೆಲೆ ನಿಜವಾಗಿ ಎಲ್ಲಿ ಅಡಗಿರುತ್ತದೆ ಎಂಬುದನ್ನು ಅರಿತ ಹೊರತು ಈ ಪ್ರಶ್ನೆಗೆ ಉತ್ತರ ದೊರೆಯದು.

2

ದೂರದೇಶದಿಂದ ಬರುವ ದುಬಾರಿ ವಾಹನದ ವ್ಯಾಪಾರ ಬೀದರದ ಸೀಮೆಗೆ ಹೊಸದಲ್ಲ. 15ನೆಯ ಶತಮಾನದ ಉತ್ತರಾರ್ಧದಲ್ಲಿ, ಬಹಮನಿ ಅರಸರ ಕಾಲದಲ್ಲಿ, ರಷ್ಯದ ತ್ವೇರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನ್ ಎಂಬಾತನು ಹಾರ್ಮುಜ್‌ನಿಂದ ಹಡಗೇರಿ ಒಂದು ಗಂಡುಗುದುರೆಯೊಂದಿಗೆ ಪಶ್ಚಿಮ ಕರಾವಳಿಯ ಚೌಲ್ ಬಂದರಿಗೆ ಬಂದಿಳಿದನು. ಕುದುರೆಯನ್ನು ಇಲ್ಲಿಗೆ ತರುವಷ್ಟರಲ್ಲಿ ಅವನಿಗೆ ನೂರು ರೂಬಲ್ಲುಗಳು ವೆಚ್ಚವಾಗಿದ್ದವು. ಜುನ್ನರದಲ್ಲಿ ಅಲ್ಲಿನ ಅಧಿಕಾರಿ ಅದನ್ನು ಕಸಿದುಕೊಂಡನು; ಖುರಾಸಾನದ ಗಣ್ಯನೊಬ್ಬನ ಮಧ್ಯಸ್ಥಿಕೆಯಿಂದ ಅದು ಮರಳಿ ದೊರೆಯಿತು. ಕೊನೆಗೆ ಬೀದರದಲ್ಲಿ ಅದನ್ನು ಮಾರುವ ಹೊತ್ತಿಗೆ, ಒಂದು ವರ್ಷದ ಮೇವಿಗಾಗಿಯೇ 68 ನಾಣ್ಯಗಳು ಕೈಬಿಟ್ಟಿದ್ದವೆಂದು ಆತನು ತನ್ನ ಪ್ರವಾಸಕಥನದಲ್ಲಿ ಲೆಕ್ಕವಿಟ್ಟಿದ್ದಾನೆ. ಆಳಂದದಲ್ಲಿ ವರ್ಷಕ್ಕೊಮ್ಮೆ ಹತ್ತು ದಿನ ಸೇರುತ್ತಿದ್ದ ಜಾತ್ರೆಗೆ ಇಪ್ಪತ್ತು ಸಾವಿರ ಕುದುರೆಗಳು ಮಾರಾಟಕ್ಕೆ ಬರುತ್ತಿದ್ದುವೆಂದೂ ಅವನೇ ಬರೆದಿದ್ದಾನೆ.

ಈ ಒಂದು ಕುದುರೆಯ ಕಥೆಯಲ್ಲಿ ನಮ್ಮ ವಿಷಯದ ಮೂರು ಸೂತ್ರಗಳೂ ಅಡಗಿವೆ. ಮೊದಲನೆಯದು, ದುಬಾರಿ ವಾಹನಕ್ಕೆ ಕೊಟ್ಟ ಬೆಲೆಯೇ ಅದರ ಪೂರ್ಣ ವೆಚ್ಚವಲ್ಲ. ಎರಡನೆಯದು, ಅದು ಓಡಲಿ ನಿಲ್ಲಲಿ, ಮೇವಿನ ಖರ್ಚು ನಿಲ್ಲುವುದಿಲ್ಲ. ಮೂರನೆಯದು, ಅದರ ಮೇಲೆ ಅನ್ಯರ ಹಿಡಿತವಿದ್ದರೆ, ಕೈಯಲ್ಲಿ ಲಗಾಮು ಇದ್ದರೂ ಅದನ್ನು ಮಾರುವಂತಿಲ್ಲ. ಕುದುರೆಯ ಸ್ಥಾನದಲ್ಲಿ ವಿಮಾನವನ್ನಿಟ್ಟು ಈ ಮೂರನ್ನೂ ಕ್ರಮವಾಗಿ ಪರಿಶೀಲಿಸೋಣ.

3

ದೂರಗಾಮಿ ಖಾಸಗಿ ಜೆಟ್ ಎಂದರೆ ಯಾವುದು? ಕೆಲವೇ ಪ್ರಯಾಣಿಕರನ್ನು ಹೊತ್ತು, ನಡುವೆ ಇಂಧನಕ್ಕಾಗಿ ಇಳಿಯದೆ, ಸುಮಾರು 11 ಸಾವಿರ ಕಿಲೋಮೀಟರು ಅಥವಾ ಅದಕ್ಕೂ ಹೆಚ್ಚು ದೂರ ಹಾರಬಲ್ಲ ವಿಮಾನವನ್ನು ಈ ವರ್ಗಕ್ಕೆ ಸೇರಿಸುವುದು ವಾಡಿಕೆ. ಬೆಂಗಳೂರಿನಿಂದ ಲಂಡನ್ನಿಗೆ ಸುಮಾರು 8 ಸಾವಿರ ಕಿಲೋಮೀಟರು ಎಂಬುದನ್ನು ನೆನೆದರೆ ಈ ಸಾಮರ್ಥ್ಯದ ಅಳತೆ ತಿಳಿದೀತು. ಅಮೆರಿಕದ ಗಲ್ಫ್‌ಸ್ಟ್ರೀಮ್ ಜಿ550, ಕೆನಡದ ಬೊಂಬಾರ್ಡಿಯರ್ ಗ್ಲೋಬಲ್ ಎಕ್ಸ್‌ಪ್ರೆಸ್, ಫ್ರಾನ್ಸಿನ ಮೂರು ಎಂಜಿನುಗಳ ಡಸ್ಸೋ ಫಾಲ್ಕನ್ 7ಎಕ್ಸ್ ಇವು ಈ ವರ್ಗದಲ್ಲಿ ಪ್ರಸಿದ್ಧವಾದವು. ಇವಲ್ಲದೆ, ಸಾಮಾನ್ಯ ಪ್ರಯಾಣಿಕ ವಿಮಾನವನ್ನೇ ಶ್ರೀಮಂತರ ಉಪಯೋಗಕ್ಕೆ ಮಾರ್ಪಡಿಸುವ ಪದ್ಧತಿಯೂ ಉಂಟು. ಏರ್‌ಬಸ್ ಎ319 ವಿಮಾನದ ಸರಕಿನ ಅಂಕಣದಲ್ಲಿ ಹೆಚ್ಚಿನ ಇಂಧನದ ತೊಟ್ಟಿಗಳನ್ನು ಅಳವಡಿಸಿ, ಆಸನಗಳ ಸಾಲುಗಳಿಗೆ ಬದಲಾಗಿ ಮಲಗುವ ಕೋಣೆ, ಸ್ನಾನಗೃಹ, ಸಭಾಂಗಣ ಮುಂತಾದವನ್ನು ನಿರ್ಮಿಸಿದರೆ ಅದೂ ದೂರಗಾಮಿ ಖಾಸಗಿ ವಿಮಾನವೇ ಆಗುತ್ತದೆ.

ಇಂಥ ವಿಮಾನವನ್ನು ಹೊಸದಾಗಿ ಕೊಂಡರೆ ಬೆಲೆಯು ಐದು ಕೋಟಿ ಡಾಲರುಗಳನ್ನೂ ಮೀರುವುದುಂಟು. ಹದಿನೈದು ಇಪ್ಪತ್ತು ವರ್ಷ ಹಾರಿದ ಬಳಿಕ ಅದೇ ವಿಮಾನವು ಆ ಬೆಲೆಯ ಒಂದಂಶಕ್ಕೆ ದೊರೆಯುತ್ತದೆ. ಕೊಳ್ಳುವವನನ್ನು ಆಕರ್ಷಿಸುವುದೂ ಇದೇ, ಮೋಸಗೊಳಿಸುವುದೂ ಇದೇ. ಏಕೆಂದರೆ ವಿಮಾನದ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಅದನ್ನು ಪೋಷಿಸುವ ವೆಚ್ಚ ಇಳಿಯುವುದಿಲ್ಲ. ಚಕ್ರದ ಗೇರನ್ನು ಬಿಚ್ಚಿ ದುರಸ್ತಿ ಮಾಡುವ ಕಾರ್ಖಾನೆಯು ವಿಮಾನ ಹಳೆಯದೆಂದು ಕೂಲಿಯಲ್ಲಿ ರಿಯಾಯಿತಿ ಕೊಡದು. ಎಂಜಿನಿನ ಬಿಡಿಭಾಗವನ್ನು ತಯಾರಿಸುವವನಿಗೆ ಅದು ಯಾವ ಬೆಲೆಯ ವಿಮಾನಕ್ಕೆ ಹೋಗುತ್ತದೆಂಬುದು ಅಪ್ರಸ್ತುತ. ಒಟ್ಟಿನಲ್ಲಿ ಹಳೆಯ ವಿಮಾನವನ್ನು ಕೊಳ್ಳುವವನು ಅಗ್ಗದ ಬೆಲೆಯನ್ನು ತೆತ್ತು, ದುಬಾರಿ ವಿಮಾನದ ಖರ್ಚನ್ನು ಮೈಮೇಲೆ ಹಾಕಿಕೊಳ್ಳುತ್ತಾನೆ.

4

ಹಾಗಾದರೆ ವಿಮಾನದ ಹಲ್ಲನ್ನು ನೋಡುವ ಬಗೆ ಹೇಗೆ? ವಿಮಾನದ ವಯಸ್ಸನ್ನು ಅಳೆಯಲು ಮೂರು ಗಡಿಯಾರಗಳಿವೆ ಎನ್ನಬಹುದು. ಒಂದು, ಅದು ಹಾರಿದ ಗಂಟೆಗಳು. ಎರಡು, ಅದು ಏರಿ ಇಳಿದ ಸಲಗಳು. ಪ್ರತಿಯೊಂದು ಹಾರಾಟದಲ್ಲಿಯೂ ಕವಚದೊಳಗಿನ ಗಾಳಿಯ ಒತ್ತಡ ಒಮ್ಮೆ ಏರಿ ಒಮ್ಮೆ ಇಳಿಯುವುದರಿಂದ ಲೋಹ ದಣಿಯುತ್ತದೆ. ಎಂಜಿನಿನ ತಿರುಗುವ ಮುಖ್ಯ ಭಾಗಗಳಿಗೂ ಇಷ್ಟು ಸಲ ಎಂಬ ಆಯುರ್ಮಿತಿಯಿದೆ, ಆ ಮಿತಿ ಮುಗಿದಾಗ ಕಣ್ಣಿಗೆ ಹೊಸದರಂತಿದ್ದರೂ ಅವನ್ನು ತೆಗೆದುಹಾಕಲೇಬೇಕು. ಮೂರನೆಯದು, ಪಂಚಾಂಗದ ಕಾಲ. ಹಾರಲಿ ಬಿಡಲಿ, ಇಷ್ಟು ತಿಂಗಳಿಗೊಮ್ಮೆ, ಇಷ್ಟು ವರ್ಷಗಳಿಗೊಮ್ಮೆ ಎಂದು ತಯಾರಕರು ವಿಧಿಸಿದ ತಪಾಸಣೆಗಳು ನಡೆಯಬೇಕು. ಇವುಗಳಲ್ಲಿ ಅನೇಕ ವರ್ಷಗಳಿಗೊಮ್ಮೆ ಬರುವ ಮಹಾತಪಾಸಣೆಯು ವಿಮಾನದ ಒಳಾಂಗಣವನ್ನೆಲ್ಲ ಬಿಚ್ಚಿಸಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಅದನ್ನು ಕಾರ್ಖಾನೆಯಲ್ಲಿ ಕೂರಿಸುತ್ತದೆ.

ಈ ಗಡಿಯಾರಗಳು ಬೆಲೆಯ ಮೇಲೆ ಬೀರುವ ಪ್ರಭಾವವನ್ನು ಒಂದು ಕಲ್ಪಿತ ಲೆಕ್ಕದಿಂದ ಸ್ಪಷ್ಟಪಡಿಸಬಹುದು. 'ಅ' ಮತ್ತು 'ಆ' ಎಂಬ ಎರಡು ವಿಮಾನಗಳು ಒಂದೇ ವರ್ಷ ಒಂದೇ ಕಾರ್ಖಾನೆಯಲ್ಲಿ ತಯಾರಾದವೆಂದು ಭಾವಿಸೋಣ. 'ಅ' ವಿಮಾನದ ಬೆಲೆ 100. ಅದರ ಮಹಾತಪಾಸಣೆ ಈಗತಾನೆ ಮುಗಿದಿದೆ, ಎಂಜಿನುಗಳ ದುರಸ್ತಿಗಾಗಿ ಒಡೆಯನು ಹಾರಿದ ಪ್ರತಿ ಗಂಟೆಗೆ ಇಷ್ಟೆಂದು ತಯಾರಕರಿಗೆ ಕಂತು ಕಟ್ಟುತ್ತ ಬಂದಿದ್ದಾನೆ. 'ಆ' ವಿಮಾನದ ಬೆಲೆ 80. ಆರು ತಿಂಗಳಲ್ಲಿ ಮಹಾತಪಾಸಣೆ ಬರಲಿದೆ, ಎಂಜಿನುಗಳಿಗೆ ಯಾವ ಕಂತೂ ಕಟ್ಟಿಲ್ಲ. ತಪಾಸಣೆಗೆ 15, ಎಂಜಿನುಗಳಿಗೆ 20 ತಗುಲಿದರೆ ಕೊಂಡವನಿಗೆ ಅದರ ನಿಜವಾದ ಬೆಲೆ 115 ಆಯಿತು. ತಪಾಸಣೆಯ ಕಾಲದಲ್ಲಿ ಹಾರಾಟ ನಿಂತ ನಷ್ಟ ಬೇರೆ. ಅಗ್ಗವಾಗಿ ಕಂಡದ್ದೇ ತುಟ್ಟಿಯಾಯಿತು.

ಇನ್ನು ಕಾಗದಪತ್ರಗಳ ಮಾತು. ವಿಮಾನವು ಹುಟ್ಟಿದ ದಿನದಿಂದ ನಡೆದ ಪ್ರತಿಯೊಂದು ಹಾರಾಟ, ದುರಸ್ತಿ, ಬದಲಾಯಿಸಿದ ಭಾಗ ಇವೆಲ್ಲ ದಾಖಲೆಯ ಪುಸ್ತಕಗಳಲ್ಲಿ ಸಹಿಯೊಡನೆ ನಮೂದಾಗಿರಬೇಕು. ಒಂದು ಭಾಗ ಎಲ್ಲಿಂದ ಬಂತು, ಎಷ್ಟು ಸಲ ಹಾರಿತು ಎಂಬ ದಾಖಲೆ ಇಲ್ಲದಿದ್ದರೆ ಆ ಭಾಗಕ್ಕೆ ಆಯುಸ್ಸೇ ಇಲ್ಲವೆಂದು ಲೆಕ್ಕ. ಆನೆ ಬದುಕಿದ್ದರೂ ಸಾವಿರ, ಸತ್ತರೂ ಸಾವಿರ ಎಂಬ ಗಾದೆ ವಿಮಾನಕ್ಕೆ ಬಹುಮಟ್ಟಿಗೆ ಒಪ್ಪುತ್ತದೆ. ಇನ್ನು ಹಾರಲಾರದ ವಿಮಾನವನ್ನು ಬಿಚ್ಚಿ ಎಂಜಿನು, ಚಕ್ರದ ಗೇರು, ಉಪಕರಣಗಳನ್ನು ಬಿಡಿಬಿಡಿಯಾಗಿ ಮಾರುವ ವ್ಯಾಪಾರವೇ ಜಗತ್ತಿನಲ್ಲಿದೆ. ಆದರೆ ದಾಖಲೆಗಳು ಕಳೆದುಹೋದರೆ ಸತ್ತ ಆನೆಯ ಆ ಸಾವಿರವೂ ಕೈಗೆ ಬರದು; ಉಳಿಯುವುದು ಅಲ್ಯೂಮಿನಿಯಮಿನ ತೂಕದ ಬೆಲೆ ಮಾತ್ರ.

ನಿಯಮಗಳು ಕಾಲದಿಂದ ಕಾಲಕ್ಕೆ ಬದಲಾಗುವುದೂ ಹಳೆಯ ವಿಮಾನದ ಬೆಲೆಯನ್ನು ತಗ್ಗಿಸುತ್ತದೆ. ಅಮೆರಿಕದಲ್ಲಿ 2020ರ ಜನವರಿಯಿಂದ, ನಿಯಂತ್ರಿತ ವಾಯುಪ್ರದೇಶದ ಬಹುಭಾಗದಲ್ಲಿ ಹಾರುವ ವಿಮಾನಗಳು ತಮ್ಮ ಸ್ಥಾನವನ್ನು ತಾವೇ ಪ್ರಸಾರ ಮಾಡುವ ಉಪಕರಣವನ್ನು ಹೊಂದಿರುವುದು ಕಡ್ಡಾಯವಾಯಿತು. ದೂರ ಹಾರುವುದಕ್ಕಾಗಿಯೇ ಕೊಂಡ ವಿಮಾನದಲ್ಲಿ ಅದಿಲ್ಲದಿದ್ದರೆ ಇಂಧನದ ತೊಟ್ಟಿ ಎಷ್ಟು ದೊಡ್ಡದಾಗಿದ್ದರೂ ಫಲವಿಲ್ಲ.

5

ವಿಮಾನದ ಕ್ರಯವು ನಡೆಯುವ ಕ್ರಮವನ್ನು ಈಗ ಸಂಕ್ಷೇಪವಾಗಿ ಹೇಳುತ್ತೇವೆ. ಮೊದಲು ಕೊಳ್ಳುವವನು ತನ್ನ ಬೆಲೆ ಮತ್ತು ಷರತ್ತುಗಳನ್ನು ತಿಳಿಸುವ ಆಶಯಪತ್ರವನ್ನು ಕೊಟ್ಟು, ಠೇವಣಿಯನ್ನು ಇಬ್ಬರಿಗೂ ಸೇರದ ಮಧ್ಯಸ್ಥರೊಬ್ಬರ ಬಳಿ ಇರಿಸುತ್ತಾನೆ. ಬಳಿಕ ವಿಮಾನವನ್ನು ಒಂದು ಕಾರ್ಖಾನೆಗೆ ಒಯ್ದು ಕ್ರಯಪೂರ್ವ ತಪಾಸಣೆ ಮಾಡಿಸಬೇಕು. ಅದುವರೆಗೆ ಮಾರುವವನ ವಿಮಾನವನ್ನು ನೋಡಿಕೊಂಡು ಬಂದ ಕಾರ್ಖಾನೆಯನ್ನು ಇದಕ್ಕೆ ಆರಿಸದಿರುವುದು ವಿವೇಕ. ತನ್ನ ಕೆಲಸದ ಕುಂದನ್ನು ತಾನೇ ಎತ್ತಿ ತೋರಿಸುವವರು ವಿರಳ. ಎಂಜಿನಿನೊಳಕ್ಕೆ ಬೋರೋಸ್ಕೋಪ್ ಎಂಬ ತೆಳುವಾದ ನಳಿಗೆಯನ್ನು ತೂರಿಸಿ ಅಲಗುಗಳಲ್ಲಿ ಬಿರುಕು ಸವೆತಗಳಿವೆಯೇ ಎಂದು ನೋಡುತ್ತಾರೆ, ತುಕ್ಕನ್ನು ಹುಡುಕುತ್ತಾರೆ, ದಾಖಲೆಗಳನ್ನು ಪುಟಪುಟವಾಗಿ ಓದುತ್ತಾರೆ, ಕೊನೆಗೆ ಹಾರಿಸಿ ನೋಡುತ್ತಾರೆ. ಹಾರಾಟದ ಸುರಕ್ಷತೆಗೆ ಬಾಧಕವಾದ ಕುಂದುಗಳನ್ನು ಮಾರುವವನು ತನ್ನ ಖರ್ಚಿನಲ್ಲಿ ಸರಿಪಡಿಸಿಕೊಡುವುದು ರೂಢಿ. ಉಳಿದವುಗಳ ವಿಷಯದಲ್ಲಿ ಚೌಕಾಸಿ ನಡೆಯುತ್ತದೆ. ದಾನಕ್ಕೆ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡುವುದು ಅನುಚಿತವಿರಬಹುದು. ಹಣ ಕೊಟ್ಟು ಕೊಳ್ಳುವ ವಿಮಾನದ ಹಲ್ಲನ್ನು ನೋಡದಿರುವುದು ಅವಿವೇಕ.

ಯಂತ್ರದ ಪರೀಕ್ಷೆಯಷ್ಟೇ ಮುಖ್ಯವಾದದ್ದು ಸ್ವಾಮ್ಯದ ಪರೀಕ್ಷೆ. ವಿಮಾನವು ಚರಸ್ವತ್ತು, ಇಂದು ಒಂದು ದೇಶದಲ್ಲಿ, ನಾಳೆ ಇನ್ನೊಂದರಲ್ಲಿ ಇರುತ್ತದೆ. ಅದರ ಮೇಲೆ ಸಾಲ ಕೊಟ್ಟವರು, ಗುತ್ತಿಗೆಗೆ ಕೊಟ್ಟವರು, ದುರಸ್ತಿಯ ಹಣ ಬರಬೇಕಾದವರು, ತೆರಿಗೆಯ ಇಲಾಖೆ, ನಿಲುಗಡೆಯ ಬಾಡಿಗೆ ಬರಬೇಕಾದ ವಿಮಾನನಿಲ್ದಾಣ ಹೀಗೆ ಹಲವರ ಹಕ್ಕುಗಳು ಒಂದರ ಮೇಲೊಂದು ಬಿದ್ದಿರಬಹುದು. ಈ ಗೊಂದಲವನ್ನು ನಿವಾರಿಸಲು 2001ರಲ್ಲಿ ಕೇಪ್‌ಟೌನಿನಲ್ಲಿ ಒಂದು ಅಂತರರಾಷ್ಟ್ರೀಯ ಒಡಂಬಡಿಕೆ ಆಯಿತು. ಅದರ ಮೇರೆಗೆ ವಿಮಾನಗಳ ಮೇಲಣ ಹಕ್ಕುಗಳನ್ನು ನೋಂದಾಯಿಸುವ ಕಚೇರಿಯು ಐರ್ಲೆಂಡಿನ ಡಬ್ಲಿನ್ನಿನಲ್ಲಿದೆ. ಭಾರತವು 2008ರಲ್ಲಿ ಈ ಒಡಂಬಡಿಕೆಗೆ ಸೇರಿತಾದರೂ, ಅದನ್ನು ದೇಶದ ಕಾನೂನಿನಲ್ಲಿ ನೆಲೆಗೊಳಿಸುವ ಶಾಸನವನ್ನು ಸಂಸತ್ತು ಮಾಡಿದ್ದು 2025ರಲ್ಲಿ. ಈ ಹದಿನೇಳು ವರ್ಷಗಳ ವಿಳಂಬದ ಅರ್ಥ ಮುಂದಿನ ಪ್ರಸಂಗದಿಂದ ವಿಶದವಾಗುತ್ತದೆ.

ಹಣ ಪಾವತಿಯಾದ ಮೇಲೂ ಕೊಳ್ಳುವವನ ಕೆಲಸ ಮುಗಿಯುವುದಿಲ್ಲ. ಹಳೆಯ ದೇಶದ ನೋಂದಣಿಯನ್ನು ರದ್ದುಪಡಿಸಿ, ಹೊಸ ದೇಶದಲ್ಲಿ ನೋಂದಾಯಿಸಬೇಕು. ಭಾರತಕ್ಕೆ ತರುವುದಾದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಅನುಮತಿ ಬೇಕು. ಆಮದಾಗುವ ಹಳೆಯ ವಿಮಾನಗಳ ವಯಸ್ಸಿಗೆ ಆ ಸಂಸ್ಥೆ ಮಿತಿಯನ್ನು ವಿಧಿಸಿದೆ. ನೋಂದಣಿಯಾದ ಮೇಲೆ 'ವಿಟಿ' ಎಂಬ ಭಾರತದ ಚಿಹ್ನೆಯೊಡನೆ ಹೊಸ ಹೆಸರು ಬರುತ್ತದೆ. ಆ ಮಾದರಿಯಲ್ಲಿ ತರಬೇತಿ ಪಡೆದ ಚಾಲಕರು, ವಿಮೆ, ನಿಲ್ಲಿಸಲು ಸ್ಥಳ ಇವೆಲ್ಲ ಮೊದಲೇ ಸಿದ್ಧವಿರಬೇಕು.

6

ಈಗ ಮೊದಲು ಸೂಚಿಸಿದ ಪ್ರಸಂಗಕ್ಕೆ ಬರೋಣ. ಕಿಂಗ್‌ಫಿಷರ್ ಏರ್‌ಲೈನ್ಸ್ 2005ರ ಮೇ ತಿಂಗಳಲ್ಲಿ ಹಾರಾಟವನ್ನು ಆರಂಭಿಸಿ, 2012ರ ಅಕ್ಟೋಬರಿನಲ್ಲಿ ನಿಲ್ಲಿಸಿತು. ಅದರ ಅಧ್ಯಕ್ಷರಾಗಿದ್ದ ವಿಜಯ ಮಲ್ಯ ಅವರ ಉಪಯೋಗಕ್ಕಿದ್ದ ಏರ್‌ಬಸ್ ಎ319 ವಿಮಾನದ ನೋಂದಣಿ ವಿಟಿ-ವಿಜೆಎಂ. ಕೊನೆಯ ಮೂರಕ್ಷರಗಳು ಅವರ ಹೆಸರನ್ನೇ ಸೂಚಿಸುವಂಥವು. 25 ಪ್ರಯಾಣಿಕರಿಗೂ 6 ಮಂದಿ ಸಿಬ್ಬಂದಿಗೂ ಅದರಲ್ಲಿ ಸ್ಥಳವಿತ್ತು. ಕಂಪನಿಯಿಂದ ಬರಬೇಕಾಗಿದ್ದ ಸೇವಾ ತೆರಿಗೆಯ ಬಾಕಿಗಾಗಿ ಇಲಾಖೆಯು 2013ರಲ್ಲಿ ಈ ವಿಮಾನವನ್ನು ವಶಪಡಿಸಿಕೊಂಡಿತು. ಆಗ ಜಾರಿಯಲ್ಲಿದ್ದ ಸೇವಾ ತೆರಿಗೆಯೆಂಬುದು ಗಿರಾಕಿಗಳಿಂದ ಸಂಗ್ರಹಿಸಿ ಸರ್ಕಾರಕ್ಕೆ ಸಲ್ಲಿಸಬೇಕಾದ ಹಣವೆಂಬುದನ್ನು ವಾಚಕರು ನೆನಪಿಡಬೇಕು. ಬ್ಯಾಂಕುಗಳ ಸಾಲ ಬೇರೆ ಇತ್ತು. ತಿಂಗಳುಗಟ್ಟಲೆ ಸಂಬಳ ಕಾಣದ ನೌಕರರಿದ್ದರು. 2016ರ ನವೆಂಬರಿನಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಕಂಪನಿಯನ್ನು ಸಮಾಪನಗೊಳಿಸಲು ಆಜ್ಞೆಮಾಡಿತು.

ವಿಮಾನವು ಮುಂಬಯಿಯ ನಿಲ್ದಾಣದಲ್ಲಿಯೇ ನಿಂತಿತ್ತು. 2016ರ ಹರಾಜಿನಲ್ಲಿ 152 ಕೋಟಿಯ ಕನಿಷ್ಠ ಬೆಲೆಗೆ ಎದುರಾಗಿ ಬಂದ ಕೂಗು 1.09 ಕೋಟಿ ಮಾತ್ರ. ಅದೇ ವರ್ಷದ ಇನ್ನೊಂದು ಹರಾಜಿನಲ್ಲಿ 27.39 ಕೋಟಿಯವರೆಗೆ ಕೂಗು ಬಂದಿತು. ಸಾಲದೆಂದು ಇಲಾಖೆಯು ಅದನ್ನು ತಿರಸ್ಕರಿಸಿತು. ಸ್ಥಳವನ್ನು ಆಕ್ರಮಿಸಿ ನಿಂತ ವಿಮಾನವನ್ನು ತೆರವುಮಾಡಿಸಬೇಕೆಂದು ನಿಲ್ದಾಣದವರು ಮುಂಬಯಿಯ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಕಡೆಗೆ 2018ರ ಜೂನಿನ ಹರಾಜಿನಲ್ಲಿ ಅಮೆರಿಕದ ಫ್ಲಾರಿಡದ ಕಂಪನಿಯೊಂದು 34.8 ಕೋಟಿಗೆ ಅದನ್ನು ಕೂಗಿಕೊಂಡಿತು. ಇದು ಮೊದಲು ನಿರೀಕ್ಷಿಸಿದ ಬೆಲೆಯ ಕಾಲುಭಾಗಕ್ಕೂ ಕಡಿಮೆ.

ನಾವು ಮೇಲೆ ವಿವರಿಸಿದ ಗಡಿಯಾರಗಳನ್ನು ಇಲ್ಲಿ ಅನ್ವಯಿಸಿದರೆ ಕಾರಣವು ಬಹುಮಟ್ಟಿಗೆ ಗೋಚರವಾಗುತ್ತದೆ. ನಿಂತ ವಿಮಾನದಲ್ಲಿ ಗಂಟೆಗಳ ಗಡಿಯಾರವೂ ಏರಿಳಿತದ ಗಡಿಯಾರವೂ ನಿಲ್ಲುತ್ತವೆ. ಪಂಚಾಂಗದ ಗಡಿಯಾರ ನಿಲ್ಲುವುದಿಲ್ಲ. ತಪಾಸಣೆಗಳ ಅವಧಿಗಳು ಒಂದಾದಮೇಲೊಂದು ಮೀರುತ್ತ ಹೋಗುತ್ತವೆ. ಕಡಲತೀರದ ಉಪ್ಪುಗಾಳಿಯಲ್ಲಿ, ಮುಂಗಾರಿನ ತೇವದಲ್ಲಿ ಲೋಹಕ್ಕೆ ತುಕ್ಕು ಹತ್ತುತ್ತದೆ. ರಬ್ಬರಿನ ಮುದ್ರೆಗಳು ಒಣಗಿ ಬಿರಿಯುತ್ತವೆ. ತೊಟ್ಟಿಯ ಇಂಧನದಲ್ಲಿ ನೀರು ಸೇರಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಒಂದೇ ಕಡೆ ಭಾರ ಹೊತ್ತ ಟೈರುಗಳು ಚಪ್ಪಟೆಯಾಗುತ್ತವೆ. ಎಂಜಿನನ್ನು ವಿಧಿಪೂರ್ವಕವಾಗಿ ಸಂರಕ್ಷಿಸಿ ಇಡದಿದ್ದರೆ ಅದನ್ನು ಮತ್ತೆ ನಂಬುವ ಮೊದಲು ಬಿಚ್ಚಿ ನೋಡಬೇಕಾಗುತ್ತದೆ. ಇಂಥ ವಿಮಾನಕ್ಕೆ ಬೆಲೆ ಕಟ್ಟುವವನು ಅದರ ವೈಭವದ ಕೋಣೆಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮತ್ತೆ ಹಾರಿಸಲು ಎಷ್ಟು ಬೇಕು, ಹಾರದಿದ್ದರೆ ಬಿಚ್ಚಿ ಮಾರಿ ಎಷ್ಟು ಪಡೆಯಬಹುದು, ಇದರ ಮೇಲೆ ಇನ್ನಾರ ತಗಾದೆ ಎದ್ದೀತು ಎಂಬ ಮೂರು ಪ್ರಶ್ನೆಗಳನ್ನೇ ಕೇಳುತ್ತಾನೆ. ಅದಲ್ಲದೆ ಒಬ್ಬನ ಅಭಿರುಚಿಗೆ ತಕ್ಕಂತೆ ರಚಿಸಿದ ಅಲಂಕಾರಕ್ಕೆ ಎರಡನೆಯವನು ಬೆಲೆ ಕೊಡುವುದು ಅಪರೂಪ. ಹಲವು ವೇಳೆ ಅದನ್ನು ಕಿತ್ತುಹಾಕುವ ಖರ್ಚೂ ಅವನದೇ.

27.39 ಕೋಟಿಯನ್ನು ತಿರಸ್ಕರಿಸಿ 34.8 ಕೋಟಿ ಪಡೆದುದು ಲಾಭವಲ್ಲವೇ ಎಂದು ವಾಚಕರು ಕೇಳಬಹುದು. ಮೇಲುನೋಟಕ್ಕೆ 7.41 ಕೋಟಿ ಹೆಚ್ಚು ಬಂದಂತಾಯಿತು. ಆದರೆ ಸುಮಾರು ಎರಡು ವರ್ಷಗಳಿಗೆ ಶೇಕಡ 12ರಂತೆ ಸರಳಬಡ್ಡಿ ಹಾಕಿದರೂ 27.39 ಕೋಟಿಯು 34 ಕೋಟಿಯ ಸಮೀಪಕ್ಕೆ ಬೆಳೆಯುತ್ತಿತ್ತು. ಉಳಿದ ಅಲ್ಪ ವ್ಯತ್ಯಾಸದಿಂದ ನಿಲುಗಡೆ, ಕಾವಲು, ನ್ಯಾಯಾಲಯದ ವೆಚ್ಚಗಳನ್ನು ಕಳೆದರೆ ಲಾಭವೆಂಬುದು ಹೆಸರಿಗೆ ಮಾತ್ರ. ಇಲಾಖೆಯ ಅಧಿಕಾರಿಗಳನ್ನು ಆಕ್ಷೇಪಿಸುವುದು ನಮ್ಮ ಉದ್ದೇಶವಲ್ಲ. ಸಾರ್ವಜನಿಕ ಸ್ವತ್ತನ್ನು ಅಗ್ಗಕ್ಕೆ ಬಿಟ್ಟುಕೊಟ್ಟರೆಂಬ ಅಪವಾದಕ್ಕೆ ಅವರು ಅಂಜುವುದು ಸಹಜ. ಆದರೆ ನಿಜವಾದ ನಷ್ಟವು ಹರಾಜಿನ ದಿನ ಆದದ್ದಲ್ಲ. ವಿಮಾನ ನಿಂತ ದಿನದಿಂದ ಹರಾಜಿನ ದಿನದವರೆಗೆ, ಹಕ್ಕುದಾರರು ಒಬ್ಬರನ್ನೊಬ್ಬರು ತಡೆಯುತ್ತಿದ್ದ ಪ್ರತಿಯೊಂದು ತಿಂಗಳಲ್ಲಿಯೂ ಆಗುತ್ತ ಬಂದದ್ದು.

7

ಈ ವಿವೇಚನೆಯಿಂದ ಹೊರಡುವ ಸಾರಾಂಶ ಇಷ್ಟು. ಭೂಮಿ ಚಿನ್ನಗಳಂತೆ ಇಟ್ಟುಕೊಂಡರೆ ಬೆಲೆ ಏರುವ ಸ್ವತ್ತು ವಿಮಾನವಲ್ಲ. ಅದರ ಬೆಲೆ ಮೂರು ಆಧಾರಗಳ ಮೇಲೆ ನಿಂತಿದೆ: ಉಳಿದಿರುವ ಆಯುಸ್ಸು, ಅದನ್ನು ಸಾಬೀತುಪಡಿಸುವ ದಾಖಲೆ, ತಕರಾರಿಲ್ಲದ ಸ್ವಾಮ್ಯ. ಮೂರರಲ್ಲಿ ಒಂದು ಕುಸಿದರೂ ಉಳಿದೆರಡು ಅದನ್ನು ಹೊರಲಾರವು. ಕೊಳ್ಳುವವನಿಗೆ ಇದು ಎಚ್ಚರಿಕೆಯ ಮಾತು. ಸಾಲ ಕೊಟ್ಟವನಿಗೂ ತೆರಿಗೆಯ ಅಧಿಕಾರಿಗೂ ಶೀಘ್ರತೆಯ ಪಾಠ. ನಿಲ್ಲಿಸಿಟ್ಟ ವಿಮಾನದ ದಾಖಲೆಯನ್ನು ಕ್ರಮಬದ್ಧವಾಗಿ ನಡೆಸುವುದಕ್ಕೂ, ಎಂಜಿನನ್ನು ಸಂರಕ್ಷಿಸುವುದಕ್ಕೂ ಮೊದಲ ತಿಂಗಳಲ್ಲಿ ಮಾಡಿದ ಸ್ವಲ್ಪ ವೆಚ್ಚವು ಹರಾಜಿನ ದಿನ ಬಹುಪಾಲಾಗಿ ಹಿಂದಿರುಗುತ್ತದೆ. 2025ರ ಶಾಸನವು ಹಕ್ಕುಗಳ ತೊಡಕನ್ನು ಬೇಗ ಬಿಡಿಸಿದರೆ, ಮುಂದೆ ಇಂಥ ಪ್ರಸಂಗ ಒದಗಿದಾಗ ತೆರಿಗೆಯ ಹಣವೂ ನೌಕರರ ಸಂಬಳವೂ ಅಷ್ಟರ ಮಟ್ಟಿಗೆ ಉಳಿದೀತು.

ಬೀದರದಲ್ಲಿ ಕುದುರೆಯನ್ನು ಮಾರಿದ ಆ ರಷ್ಯನ್ ವರ್ತಕನು ಮೇವಿನ ಲೆಕ್ಕವನ್ನು ಮರೆಯದೆ ಬರೆದಿಟ್ಟನು. ನಮ್ಮ ರೈತನು ಕಟ್ಟಿಹಾಕಿದ ಎತ್ತು ಮೇವನ್ನು ಬಿಡುವುದಿಲ್ಲ, ಬೆಲೆಯನ್ನು ಮಾತ್ರ ಬಿಡುತ್ತದೆ ಎಂಬುದನ್ನು ಬಲ್ಲನು. ಕೋಟಿಗಳ ವ್ಯವಹಾರ ಮಾಡುವವರು ಅವರಿಬ್ಬರಿಂದ ಕಲಿಯಬೇಕಾದದ್ದು ಇನ್ನೂ ಉಳಿದಿದೆಯೆಂದು ನಮ್ಮ ಅಭಿಪ್ರಾಯ.